ಮಾಜಿ ಸಂಸದರು ತಿಥಿಗೆ ಬಂದದ್ದು

ನಮ್ಮವರ ವರ್ಷದ ತಿಥಿಗೆ ಸಾಮಾನು ತರಲು ಫೋರ್ಟ್ ಲೀಯಿಂದ ನಮ್ಮವರ ಅಂಗಡಿಗಳಿರುವ ಜ್ಯಾಕ್ಸನ್ ಹೈಟ್ಸ್‌ಗೆ ಟ್ಯಾಕ್ಸಿಯಲ್ಲಿ ಹೊರಟಿದ್ದೆ. ಚಾಲಕರು ಘಾನಾದ ಹಿರಿಯರು. ಅಲ್ಲಿ ಎಂಟು ವರ್ಷ ಸಂಸದರಾಗಿದ್ದು, ಆಮೇಲೆ ಸೋತು, ಇಲ್ಲಿ ಮಗಳ ಮನೆಗೆ ಬಂದವರಂತೆ.

ನಾನು ಟೀಚರ್, ಹೊರಟದ್ದು ಯಜಮಾನರ ತಿಥಿಯ ಸಾಮಾನಿಗೆ ಎಂದಷ್ಟೇ ಹೇಳಿ, "ಸೋತದ್ದು ಹೇಗೆ?" ಎಂದು ಕೇಳಿದೆ.

"ನಮ್ಮಲ್ಲಿ ಪ್ರತಿ ಶನಿವಾರ ಕ್ಷೇತ್ರದಲ್ಲಿ ಸತ್ತವರ ಮನೆಗೆ ಹೋಗಲೇಬೇಕು, ಮೇಡಂ. ಒಂದೇ ಒಂದು ಸಲ ತಪ್ಪಿಸಿದೆ. ಊರಿಗೆ ಊರೇ ಕೈಬಿಟ್ಟಿತು. ನಿಮ್ಮ ಯಜಮಾನರದು ಎಷ್ಟು ಗಂಟೆಗೆ?"

ಸೌಜನ್ಯಕ್ಕೆ ಹೇಳಿದೆ: ಶನಿವಾರ, ಹನ್ನೊಂದಕ್ಕೆ.

ಬಂದೇಬಿಟ್ಟರು, ತಮ್ಮ ಕಡೆಯ ತಿಥಿಯ ರೂಢಿಯಂತೆ ಕಪ್ಪು-ಬಿಳಿ ಬಟ್ಟೆ ಹೊದ್ದು. ಊಟಕ್ಕೆ ಕೂತವರೇ, "ತೀರಿಕೊಂಡವರ ಬಗ್ಗೆ ಯಾರು ಮಾತಾಡುತ್ತೀರಿ?" ಎಂದರು. ನಮ್ಮಲ್ಲಿ ಆ ಪದ್ಧತಿಯಿಲ್ಲ. ಪುರೋಹಿತರು ನನ್ನ ಮುಖ ನೋಡಿದರು.

"ನೀವು ಟೀಚರ್ ತಾನೇ, ಮೇಡಂ? ಏಳಿ" ಎಂದರು ಸಂಸದರು.

ವರ್ಷದಿಂದ ನಾನು ನಮ್ಮವರ ಮಾತೇ ಎತ್ತಿರಲಿಲ್ಲ. ಎದ್ದು ನಿಂತು, ಅವರು ಉಪ್ಪಿಟ್ಟಿಗೆ ಮರೆತು ಎರಡು ಸಲ ಉಪ್ಪು ಹಾಕಿ, "ಇದು ಧಾರವಾಡದ ರೀತಿ" ಎಂದು ವಾದಿಸುತ್ತಿದ್ದದ್ದನ್ನು ಹೇಳಿದೆ. ಎಲ್ಲರೂ ನಕ್ಕರು.

"ನನ್ನ ಹತ್ತಿರ ಮಾತ್ರ ಅಣ್ಣ ಅದು ಅತ್ತಿಗೆ ಹೇಳಿಕೊಟ್ಟದ್ದು ಅಂತಿದ್ದ!" ಎಂದು ಮೈದುನ ಎದ್ದ. ಆಮೇಲೆ ಒಬ್ಬೊಬ್ಬರೂ ಎದ್ದರು. ಊಟ ಮುಗಿದಾಗ ನಾಲ್ಕು ಗಂಟೆ.

ಹೊರಡುವಾಗ ಸಂಸದರು ಎಲ್ಲರ ಕೈಕುಲುಕಿದರು, ಚುನಾವಣೆ ನಾಳೆಯೇ ಎಂಬಂತೆ. ನನಗೆ ಈ ದೇಶದಲ್ಲೇ ಇನ್ನೂ ಮತವಿಲ್ಲ. ಘಾನಾದಲ್ಲಿ ಮತ ಇದ್ದಿದ್ದರೆ, ಅವರಿಗೇ.