ಎರೆಯುವ ಕೈ

ನನ್ನ ಅತ್ತೆ ತಿಕೋಟಾದಲ್ಲಿ ಇದ್ದಷ್ಟು ಕಾಲ ಎಷ್ಟು ಕೂಸುಗಳಿಗೆ ಎರೆದರೋ ಅವರಿಗೇ ಲೆಕ್ಕವಿಲ್ಲ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕಿ ಮೀಯಿಸುವುದಕ್ಕೆ ನಮ್ಮಲ್ಲಿ ಎರೆಯುವುದು ಎನ್ನುತ್ತಾರೆ. ಬಾಣಂತಿ ಮನೆಯಿಂದ ಕರೆ ಬಂದರೆ ಅತ್ತೆ ಚಹಾ ಅರ್ಧಕ್ಕೇ ಬಿಟ್ಟು ಹೊರಡುತ್ತಿದ್ದರು. ನಾವು ಕ್ರೈಸ್ತರು, ಕರೆಯುತ್ತಿದ್ದ ಮನೆಗಳು ಬಹಳಷ್ಟು ಹಿಂದೂಗಳವು. ಕೂಸು ಕಿರುಚುತ್ತಿರುವಾಗ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನನ್ನ ಎರಡು ಮಕ್ಕಳಿಗೂ ಅವರೇ ಎರೆದರು. ನಾನು ಸಾಲಿಯಲ್ಲಿ ವಿಜ್ಞಾನ ಕಲಿಸುವವಳು, ಹೊಸ್ತಿಲಲ್ಲಿ ಟವೆಲ್ ಹಿಡಿದು ನಿಂತದ್ದಷ್ಟೇ ನನ್ನ ಪಾಲಿನ ಕೆಲಸ.

ಅತ್ತೆ ವಿಜಯಪುರಕ್ಕೆ ಬಂದು, ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಇರತೊಡಗಿದ ಮೇಲೆ, ಹೋದ ಚಳಿಗಾಲ ಒಂದು ಬೆಳಿಗ್ಗೆ ಅವರಿಗೆ ಲಕ್ವಾ ಹೊಡೆಯಿತು. ಮಾತು ನಾಲ್ಕು ದಿನದಲ್ಲಿ ತಿರುಗಿ ಬಂತು, ಬಲಗೈ ಮಾತ್ರ ಬರಲಿಲ್ಲ. ಆಗ ನನ್ನ ಮಗಳು ಐದು ತಿಂಗಳ ಬಸುರಿ. ಔಷಧ ಒಂದು ಹೊತ್ತೂ ತಪ್ಪಿಸಲಿಲ್ಲ, ಕೈಗೆ ವ್ಯಾಯಾಮ ಮಾಡಿಸುವವರು ದಿನಾ ಬಂದರು, ನಾನು ದಿನಾ ಮೊಣಕಾಲೂರಿದೆ. ನನ್ನ ಆ ಪ್ರಾರ್ಥನೆಯಲ್ಲಿ ಮುಕ್ಕಾಲು ಪಾಲು ಸ್ವಾರ್ಥವೇ ಇತ್ತು. ಮೊಮ್ಮಗುವಿಗೆ ಇನ್ನು ಯಾರು ಎರೆಯಬೇಕು ಸ್ವಾಮಿ, ಎಂದು ದೇವರಲ್ಲಿ ಜಗಳಕ್ಕೇ ನಿಂತಿದ್ದೆ.

ಭಾನುವಾರ ಆರಾಧನೆ ಮುಗಿಸಿಕೊಂಡು ತಿಕೋಟಾದ ನಮ್ಮ ಸಣ್ಣ ಸಭೆಯವರು ಎಂಟು ಹತ್ತು ಜನ ಬಸ್ಸು ಹತ್ತಿ ಬರುತ್ತಿದ್ದರು. ಪಾಸ್ಟರ್ ಅತ್ತೆಯ ತಲೆಯ ಮೇಲೆ ಕೈ ಇಡುತ್ತಿದ್ದರು, ಉಳಿದವರು ಸುತ್ತ ಕೂತು ಕಣ್ಣು ಮುಚ್ಚುತ್ತಿದ್ದರು. ಆ ಬಲಗೈ ಹಿಡಿದುಕೊಳ್ಳುವ ಹಕ್ಕನ್ನು ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಣ್ಣಗೆ, ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ, ಅದು ನನ್ನ ಅಂಗೈಯಲ್ಲಿ ಬಿದ್ದಿರುತ್ತಿತ್ತು. ನಾಲ್ಕು ಭಾನುವಾರ ಹಾಗೇ ಹೋದವು.

ಐದನೆಯ ಭಾನುವಾರ, ಪ್ರಾರ್ಥನೆಯ ನಡುವೆ, ಅತ್ತೆಯ ಹೆಬ್ಬೆರಳು ನನ್ನ ಕೈಯನ್ನು ಒತ್ತಿತು. ಭ್ರಮೆ ಇರಬೇಕು ಎಂದುಕೊಂಡೆ. ಮತ್ತೆ ಒತ್ತಿತು. ಮೈಯೆಲ್ಲ ಜುಮ್ಮೆಂದಿತು. ಕಣ್ಣು ತೆರೆದು ನೋಡಿದರೆ ಅತ್ತೆ ಆಗಲೇ ನನ್ನನ್ನು ನೋಡುತ್ತಿದ್ದರು. ನರಗಳು ಹೇಗೆ ಚೇತರಿಸಿಕೊಳ್ಳುತ್ತವೆ ಎಂದು ಡಾಕ್ಟರು ಆಮೇಲೆ ವಿವರಿಸಿದರು. ಅದನ್ನು ನಾನೇ ಬೋರ್ಡಿನ ಮೇಲೆ ಬರೆದು ಕಲಿಸಬಲ್ಲೆ. ಆದರೂ ಆ ಹೆಬ್ಬೆರಳಿನ ವಿಸ್ಮಯ ನನ್ನ ಮಟ್ಟಿಗೆ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಮಗಳ ದಿನ ತುಂಬುವ ಹೊತ್ತಿಗೆ ಅತ್ತೆ ಲೋಟ ಹಿಡಿಯುತ್ತಿದ್ದರು, ತಲೆ ಬಾಚಿಕೊಳ್ಳುತ್ತಿದ್ದರು. ಕಿರುಬೆರಳೊಂದು ಮಡಚುತ್ತಿರಲಿಲ್ಲ. ತಿಕೋಟಾಕ್ಕೆ ಹೋಗಿ ಸಭೆಯ ಮುಂದೆ ನಿಂತು ನಾನು ಸಾಕ್ಷಿ ಹೇಳಿದೆ. ದೇವರು ನಮ್ಮ ಅತ್ತೆಯ ಕೈಯನ್ನು ತಿರುಗಿ ಕೊಟ್ಟಿದ್ದಾನೆ ಎಂದು ಮೈಕಿನಲ್ಲಿ, ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಹೇಳಿದೆ.

ಮೊಮ್ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಸೀರೆ ಎತ್ತಿಕಟ್ಟಿ ಬಚ್ಚಲಲ್ಲಿ ಕಾಲು ಚಾಚಿ ಕೂತುಬಿಟ್ಟಿದ್ದಾರೆ. ಹೊಕ್ಕುಳ ಬೀಳುವವರೆಗೆ ಎರೆಯಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದೆ. ಅದು ನಿಜವೇ. ಹೊಕ್ಕುಳ ಬಿದ್ದ ಮೇಲೆ ಗಾಳಿ ಬಹಳ ಇದೆ ಎಂದೆ. ಕೊನೆಗೆ ತೊರವಿಯಿಂದ ಒಬ್ಬ ಹೆಂಗಸನ್ನು ಗೊತ್ತು ಮಾಡಿದೆ. ಅವ್ವನಿಗೆ ಯಾಕೆ ಕೊಡುವುದಿಲ್ಲ ಎಂದು ನನ್ನ ಗಂಡ ಕೇಳಿದಾಗ, ಆ ಕೈ ಇನ್ನೂ ಪೂರ್ತಿ ಬಂದಿಲ್ಲ, ಕೂಸು ಜಾರಿದರೆ ಏನು ಗತಿ ಎಂದು ರೇಗಿದೆ. ಬಾಗಿಲ ಹಿಂದೆ ಅತ್ತೆ ನಿಂತಿದ್ದರು. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ದೇವರು ಕೊಟ್ಟ ಕೈ ಎಂದು ಊರಿಗೆಲ್ಲ ಸಾರಿದವಳು ನಾನು, ಆ ಕೈಗೆ ಕೂಸು ಕೊಡಲು ಒಲ್ಲೆ ಎಂದವಳೂ ನಾನೇ. ನನಗೆ ನಾಚಿಕೆಯಾಯಿತು. ಆದರೂ ಕೊಡಲಿಲ್ಲ.

ಮುಂದಿನ ಭಾನುವಾರ ಸಭೆಯಲ್ಲಿ ಪಾಸ್ಟರ್ ಬಬಲೇಶ್ವರದ ಒಬ್ಬ ಹುಡುಗಿಯ ವಿಷಯ ತಿಳಿಸಿದರು. ಹೆರಿಗೆಯಾಗಿ ಹದಿನೈದು ದಿನ. ತಾಯಿ ಇಲ್ಲ, ಅತ್ತೆಯೂ ಇಲ್ಲ, ಗಂಡ ಬೆಳಗಾದರೆ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಾನೆ. ಆಕೆಗಾಗಿ ಪ್ರಾರ್ಥಿಸೋಣ ಎಂದರು, ಎಲ್ಲರೂ ತಲೆ ಬಾಗಿಸಿದರು. ಅತ್ತೆ ಎದ್ದು ನಿಂತರು.

"ಪ್ರಾರ್ಥನಿ ನೀವು ಮಾಡ್ರಿ. ನಾ ನಾಳಿ ಹೋಗಿ ಎರದ ಬರ್ತೇನಿ," ಎಂದರು.

ನಾನು ಸೆರಗು ಹಿಡಿದು ಜಗ್ಗಿದೆ. ಅವರು ಕೂರಲಿಲ್ಲ.

ಸೋಮವಾರ ನಾನು ರಜೆ ಹಾಕಿ ಅವರ ಹಿಂದೆ ಹೊರಟೆ. ದಾರಿಯುದ್ದಕ್ಕೂ ಸಿಟ್ಟು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಇವರಿಗೆ ಕಾಲು ನಿಲ್ಲುವುದಿಲ್ಲ ಎಂದು ಒಳಗೊಳಗೇ ಗೊಣಗಿದೆ. ಬಬಲೇಶ್ವರದಲ್ಲಿ ಆ ಹುಡುಗಿಯದು ತಗಡು ಹೊದಿಸಿದ ಒಂದೇ ಖೋಲಿ. ಎರೆಯಲು ಹೆದರಿ ಆಕೆ ಇಷ್ಟು ದಿನ ಕೂಸಿನ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳಂತೆ. ಅತ್ತೆ ನನ್ನನ್ನು ನೀರು ಕಾಯಿಸಲು ಹಚ್ಚಿದರು. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕೇಳುವ ಮೊದಲು ಆ ಹುಡುಗಿಯನ್ನು ಹತ್ತಿರ ಕರೆದರು.

"ಯವ್ವಾ, ಒಂದ ಮಾತ ಮೊದಲ ಹೇಳ್ತೇನಿ. ನನಗ ಲಕ್ವಾ ಹೊಡದಿತ್ತು. ಈ ಬಲಗೈಗೆ ಬಿಸಿ ತಿಳಿಯೂದಿಲ್ಲ. ನೀರ ಈಕಿ ಮುಟ್ಟಿ ನೋಡ್ತಾಳ. ಕೂಸಿನ್ನ ನನ್ನ ಎಡಗೈಲೆ ಹಿಡಿತೇನಿ. ನಿನಗ ಅಂಜಿಕಿ ಆದ್ರ ಹೇಳು, ಎದ್ದ ಹೋಗ್ತೇನಿ."

ಆ ಕೈಗೆ ಬಿಸಿ ತಿಳಿಯುವುದಿಲ್ಲವೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿರಲೂ ಇಲ್ಲ. ಆ ಹುಡುಗಿ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು, ಆಮೇಲೆ ಕೂಸನ್ನು ಅವರ ಕಾಲ ಮೇಲೆ ಮಲಗಿಸಿದಳು.

ನಾನು ಮೊಣಕೈ ಅದ್ದಿ ನೀರು ನೋಡಿ, ಚರಿಗೆಯಿಂದ ಸಣ್ಣಗೆ ಹಾಕತೊಡಗಿದೆ. ಎಡಗೈ ಕೂಸನ್ನು ಹಿಡಿದಿತ್ತು, ಬಲಗೈ ನಿಧಾನಕ್ಕೆ ಎದೆ, ಹೊಟ್ಟೆ, ತೊಡೆ ಎಂದು ಎಣ್ಣೆ ಇಳಿಸಿಕೊಂಡು ಬಂತು. ಮಡಚದ ಕಿರುಬೆರಳು ಸೆಟೆದುಕೊಂಡೇ ಇತ್ತು. ಮೊದಲು ಕಿರುಚಿಕೊಂಡ ಕೂಸು ಬೆನ್ನಿಗೆ ನೀರು ಬಿದ್ದಾಗ ಸುಮ್ಮನಾಗಿ ಬಾಯಿ ತೆರೆದು ಅವರನ್ನೇ ನೋಡಿತು. ನಾಲ್ಕು ಭಾನುವಾರ ನನ್ನ ಅಂಗೈಯಲ್ಲಿ ಜೀವವಿಲ್ಲದೆ ಬಿದ್ದಿದ್ದ ಕೈ ಅದು. ಎಂಥ ದೊಡ್ಡದರ ಮುಂದೆ ಚರಿಗೆ ಹಿಡಿದು ಕೂತಿದ್ದೇನೆ ಎನಿಸಿ ನನಗೆ ಭಯವೇ ಆಯಿತು. ಕೂಸಿನದು ಮುಗಿದ ಮೇಲೆ ಅತ್ತೆ ಬಾಣಂತಿಗೂ ಎರೆದರು. ಬೆನ್ನ ಮೇಲೆ ಬಿಸಿನೀರು ಬಿದ್ದ ಕೂಡಲೇ ಆ ಹುಡುಗಿ ತನ್ನ ಅವ್ವನನ್ನು ನೆನೆದು ಅತ್ತಳು. ಅತ್ತೆ ಆಕೆಯನ್ನು ಅಳಲು ಬಿಟ್ಟು ಬೆನ್ನು ತಿಕ್ಕಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ.

"ಅತ್ತಿ, ನನ್ನದ ತಪ್ಪಾಗ್ಯದ. ನಾಳಿಯಿಂದ ನಮ್ಮ ಕೂಸಿಗೆ ನೀವ ಎರೀರಿ."

"ನಾಳಿ ನಾ ಮತ್ತ ಅಲ್ಲಿಗೇ ಹೋಗ್ತೇನಿ. ತಿಂಗಳ ತುಂಬೂತನಾ ಬರ್ತೇನಂತ ಆಕೀಗೆ ಮಾತ ಕೊಟ್ಟೇನಿ," ಎಂದರು ಅತ್ತೆ. "ನಮ್ಮ ಕೂಸಿಗೆ ನೀ ಅದಿ. ಆಕೀಗೆ ಯಾರ ಅದಾರ?"

ಅದರಲ್ಲಿ ಚುಚ್ಚುಮಾತು ಇದೆಯೇನೋ ಎಂದು ಹುಡುಕಿದೆ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಬಚ್ಚಲಿಗೆಂದು ನಾನು ಬೇಡಿ ತರಿಸಿಕೊಂಡ ಕೈಯನ್ನು ದೇವರು ಬೇರೆ ಮನೆಗೆ ಕೊಟ್ಟಿದ್ದ, ಅತ್ತೆ ಖುಷಿಯಿಂದ ಹೊರಟಿದ್ದರು.

ಮರುದಿನ ಅವರು ಬೆಳಗಿನ ಬಸ್ಸಿಗೆ ಹೋದರು. ಬರಬೇಡವೆಂದು ತೊರವಿಯ ಹೆಂಗಸಿಗೆ ಫೋನ್ ಮಾಡಿದೆ. ಸೀರೆ ಎತ್ತಿಕಟ್ಟಿ, ಐವತ್ತೆರಡನೇ ವಯಸ್ಸಿಗೆ ಮೊದಲ ಸಲ, ಬಚ್ಚಲಲ್ಲಿ ಕಾಲು ಚಾಚಿ ಕೂತೆ. ಮಗಳು ಕೂಸನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲೇ ನಿಂತಳು.

"ಅವ್ವಾ, ನಿನಗ ಎರಿಯಾಕ ಬರ್ತದೇನು?"

"ಬರೂದಿಲ್ಲ," ಎಂದೆ.

ನನ್ನ ಎರಡೂ ಕೈ ನಡುಗುತ್ತಿದ್ದವು. ಮಗಳು ಅದನ್ನು ನೋಡಿದಳು. ನೋಡಿ, ಒಳಗೆ ಬಂದು, ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿದಳು.