ಅಂಚಿನ ಎರಡು ಅಕ್ಷರ

ಮೊನ್ನೆ ಭಾನುವಾರ ಆ ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿದ್ದೇ ತಡ, ಅಡುಗೆಮನೆಯೆಲ್ಲ ಕುರಿಯ ವಾಸನೆ. ಎಷ್ಟು ತೊಳೆದರೂ ಪೂರ್ತಿ ಹೋಗದ, ಉಣ್ಣೆಯೊಳಗಿನ ಎಣ್ಣೆಯ ವಾಸನೆ ಅದು. ಒಗ್ಗರಣೆಯ ಇಂಗನ್ನೂ ಮೀರಿಸಿ ಮೂಗಿಗೆ ಬಂತು. ಒಲೆ ಆರಿಸಿ ಕುರ್ಚಿ ಎಳೆದುಕೊಂಡು ಕೂತೆ. ಕವರಿನೊಳಗೆ ಕಡುನೀಲಿ ಬಣ್ಣದ ಸ್ವೆಟರು... ಉಣ್ಣೆ ಅಂಗಡಿಯ ಆಂಟಿಯನ್ನು ನೆನೆಯಬಾರದೆಂದೇ ನಾನು ಇಷ್ಟು ದಿನ ಪಕ್ಕದೂರು ನಾರ್‌ಕ್ರಾಸಿನ ಆ ರಸ್ತೆಗೆ ಕಾರು ತಿರುಗಿಸುತ್ತಿರಲಿಲ್ಲ. ಈಗ ನೆನಪು ತಾನಾಗಿ ಮನೆಗೇ ಬಂದು ಕೂತಿತ್ತು.

ಅವರ ಅಂಗಡಿ ನಾವು ಕರಿಬೇವು, ಉದ್ದಿನಬೇಳೆ ತರುವ ದಿನಸಿ ಅಂಗಡಿಯ ಪಕ್ಕದಲ್ಲಿತ್ತು. ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ವರ್ಷ. ನಾನು ಮೈಸೂರಿನಿಂದ ಅಮೆರಿಕದ ಅಟ್ಲಾಂಟಾ ಹತ್ತಿರದ ಸುವಾನಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಗಂಡನಿಗೆ ಆಫೀಸಿನ ಕೆಲಸ, ಮಗಳಿಗೆ ಲ್ಯಾಪ್‌ಟಾಪಿನಲ್ಲಿ ಕಿಂಡರ್‌ಗಾರ್ಟನ್, ನನಗೆ ಡಿಪೆಂಡೆಂಟ್ ವೀಸಾ. ಹಾಗೆಂದರೆ ದುಡಿಯುವಂತಿಲ್ಲ, ಕಾರು ಬರುವುದಿಲ್ಲ, ಕಿಟಕಿಯಿಂದ ಎದುರುಮನೆಯವರ ಹುಲ್ಲು ಬೆಳೆಯುವುದನ್ನು ನೋಡುತ್ತಾ ಕೂರಬೇಕು. ಅಂಗಡಿಯ ಮುಂದೆ ಮಗಳನ್ನು ಕನ್ನಡದಲ್ಲಿ ಗದರುತ್ತಿದ್ದಾಗ, ಬಾಗಿಲಲ್ಲಿ ನಿಂತಿದ್ದ ಹೆಂಗಸು ನಮ್ಮೂರಿನ ಮಾತಿನಲ್ಲೇ ಬೈಬೇಡ ಬಿಡು ಅಂದರು. ಒಳಗೆ ಕರೆದು ಮಗುವಿನ ಕೈಗೆ ಒಂದು ಉಣ್ಣೆಯ ಉಂಡೆ ಕೊಟ್ಟರು. ನಾನು ಆ ದಿನವೇ ಅವರಿಗೆ ಮಾರುಹೋದೆ.

ಆಂಟಿಯ ಯಜಮಾನರು ಒಂದು ಕಾಲದಲ್ಲಿ ಸ್ಕಾಟ್‌ಲೆಂಡಿನ ಮೀನುಗಾರರ ಊರೊಂದರ ಬಳಿ ಕೆಲಸದಲ್ಲಿದ್ದರಂತೆ. ಅಲ್ಲಿ ಪಕ್ಕದ ಮನೆಯ ಮುದುಕಿಯಿಂದ ಆಂಟಿ ಮೀನುಗಾರರ ಸ್ವೆಟರ್ ಹೆಣೆಯುವುದನ್ನು ಕಲಿತು, ಮಾದರಿ ಹಾಳೆಗಳನ್ನೂ ತಂದುಕೊಂಡಿದ್ದರು. ಹಗ್ಗ, ಏಣಿ, ಬಲೆ, ಮೀನಿನ ಮೂಳೆ... ದೋಣಿಯವರ ಬದುಕೆಲ್ಲ ಎದೆಯ ಮೇಲೆ ಬರುವಂಥ ವಿನ್ಯಾಸಗಳು. ಕೆಳಗಿನ ಅಂಚಿನಿಂದ ಶುರುಮಾಡಿ, ಎಲ್ಲೂ ಹೊಲಿಗೆ ಬೀಳದಂತೆ ಸುತ್ತಿ ಸುತ್ತಿ ಕುತ್ತಿಗೆಯವರೆಗೆ ಹೆಣೆಯಬೇಕು. ಗಾಳಿ ನುಗ್ಗದಷ್ಟು ಬಿಗಿಯಾಗಿರಬೇಕು. ಮೊದಮೊದಲು ನನ್ನ ಬೆರಳ ತುದಿಗಳೆಲ್ಲ ಕೆಂಪಾಗಿ, ರಾತ್ರಿ ಸಾರನ್ನ ಕಲಸಿದರೆ ಉರಿಯುತ್ತಿತ್ತು.

ಅಟ್ಲಾಂಟಾದ ಸೆಕೆಯಲ್ಲಿ ಇದನ್ನು ಯಾವ ಪುಣ್ಯಾತ್ಮ ಹಾಕಿಕೊಳ್ಳುತ್ತಾನೆ ಎಂದು ಕೇಳಿದ್ದಕ್ಕೆ ಆಂಟಿ ನಕ್ಕಿದ್ದರು. ನಾರ್ತ್ ಕ್ಯಾರೊಲೈನಾದ ಬೆಟ್ಟದ ಕಡೆ ಚಳಿಯಿದೆ, ಅಲ್ಲಿನ ಅಂಗಡಿಗಳಿಗೆ ಕಳಿಸುತ್ತೇನೆ ಅಂದರು. ಕಳಿಸುತ್ತಿದ್ದರು ನಿಜ. ಆದರೆ ಹೆಣೆಯುತ್ತಿದ್ದವರು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದ ನನ್ನಂಥವರು. ಆಂಟಿಯ ಬೆರಳ ಕೀಲುಗಳು ಆಗಲೇ ಊದಿಕೊಂಡಿದ್ದವು, ಸೂಜಿ ಹಿಡಿದರೆ ಹತ್ತು ನಿಮಿಷಕ್ಕೆ ಕೈ ಕೊಡವುತ್ತಿದ್ದರು. ಹವ್ಯಾಸಕ್ಕೆ ಕಲಿಯುತ್ತಿದ್ದೀಯ, ಉಣ್ಣೆ ನನ್ನದು, ಹೊತ್ತು ಹೋಗುವುದು ನಿನ್ನದು ಅನ್ನುತ್ತಿದ್ದರು. ನನಗೂ ಅದು ಸರಿಯಾಗಿಯೇ ಕಂಡಿತ್ತು. ದುಡ್ಡು ಕೇಳುವ ಹಾಗೂ ಇರಲಿಲ್ಲ, ಕೇಳಬೇಕು ಅನ್ನಿಸಿರಲೂ ಇಲ್ಲ.

ಪೂರ್ತಿ ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟವಿರುತ್ತಿರಲಿಲ್ಲ. ನನಗೆ ಡ್ರೈವಿಂಗ್ ಕಲಿಸಿದ್ದು ಅವರು. ಮನೆಮಂದಿಯೆಲ್ಲ ಕೋವಿಡ್‌ನಿಂದ ಮಲಗಿದ್ದಾಗ ಬಿಸಿಬೇಳೆಬಾತಿನ ಡಬ್ಬಿಯನ್ನು ಬಾಗಿಲ ಹೊರಗಿಟ್ಟು ಕಿಟಕಿಯಲ್ಲಿ ಕೈ ಬೀಸಿ ಹೋಗುತ್ತಿದ್ದದ್ದೂ ಅವರೇ.

ಮೀನುಗಾರರ ಸ್ವೆಟರಿನ ಅಂಚಿನಲ್ಲಿ, ಮೊದಲ ಕೆಲವು ಸುತ್ತು ಮುಗಿದ ಮೇಲೆ, ಎರಡು ಅಕ್ಷರ ಹೆಣೆಯುವ ರೂಢಿಯಿದೆ. ಹಾಕಿಕೊಳ್ಳುವವನ ಹೆಸರಿನ ಅಕ್ಷರ. ಕಡಲಿನಲ್ಲಿ ಮುಳುಗಿದರೆ ಇಂಥವರ ಮನೆಯವನು ಎಂದು ಗುರುತು ಸಿಗಲಿ ಎಂದಂತೆ. ಆಂಟಿ ಅದನ್ನು ಬದಲಾಯಿಸಿಕೊಂಡಿದ್ದರು. ಇಲ್ಲಿ ಮುಳುಗುವವರು ಯಾರಿದ್ದಾರೆ, ಮಾಡಿದವರ ಹೆಸರಿರಲಿ ಅಂದು, ನಾವು ಹೆಣೆದ ಎಲ್ಲದಕ್ಕೂ ತಮ್ಮ ಹೆಸರಿನ ಅಕ್ಷರಗಳನ್ನೇ ಹಾಕಿಸುತ್ತಿದ್ದರು. ಮಾರಾಟದವಕ್ಕೆ ಏನಾದರೂ ಹಾಕಿಕೊಳ್ಳಲಿ ಎಂದು ನಾನು ಸುಮ್ಮನಿದ್ದೆ.

ಆದರೆ ಈ ನೀಲಿ ಸ್ವೆಟರಿನ ಮಾತೇ ಬೇರೆ. ಬೆಟ್ಟದ ಊರಿನ ಕೈಕಸುಬಿನ ಪ್ರದರ್ಶನಕ್ಕೆಂದು ನನ್ನದೇ ಅಳತೆಗೆ ಶುರುಮಾಡಿದ್ದೆ. ಆಂಟಿಯ ಹಾಳೆಗಳಲ್ಲಿ ಇಲ್ಲದ ವಿನ್ಯಾಸ ಅದು. ಎರಡು ಹಗ್ಗಗಳ ನಡುವೆ, ನಮ್ಮಮ್ಮ ಶುಕ್ರವಾರ ಬಾಗಿಲಿಗೆ ಹಾಕುತ್ತಿದ್ದ ರಂಗೋಲಿಯನ್ನು ಚೌಕಳಿ ಹಾಳೆಯ ಮೇಲೆ ಬರೆದುಕೊಂಡು ಇಳಿಸಬೇಕೆಂದಿದ್ದೆ. ಇದೊಂದರ ಮೇಲೆ ನನ್ನ ಹೆಸರಿರಬೇಕು ಎಂದು ಆಸೆಯಾಯಿತು. ಅಂಚು ಮುಗಿಸಿ ನನ್ನ ಎರಡು ಅಕ್ಷರಗಳನ್ನು ಹೆಣೆದು ಆಂಟಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

“ನಿನ್ನ ಹೆಸರು ಹಾಕಿದ್ರೆ ನಾಳೆ ಯಾರಾದ್ರೂ ಕೇಳ್ತಾರೆ ಕಣೇ, ವರ್ಕ್ ಪರ್ಮಿಟ್ ಎಲ್ಲಿದೆ ಅಂತ. ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡೋರು ನೀವು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು, ಬಿಚ್ಚು.”

ಬಿಚ್ಚಿದೆ. ಅವರೆದುರೇ ಎಳೆದು ಎಳೆದು ಬಿಚ್ಚಿ, ಅದೇ ಉಣ್ಣೆಯಲ್ಲಿ ಅವರ ಅಕ್ಷರಗಳನ್ನು ಹೆಣೆದು, ಅದರ ಮೇಲೆ ರಂಗೋಲಿ ಇಳಿಸಿದೆ. ವೀಸಾದ ಹೆಸರೆತ್ತಿದರೆ ಸಾಕು, ನಮ್ಮ ಜನಕ್ಕೆ ಕೈಕಾಲು ತಣ್ಣಗಾಗುತ್ತದೆ. ಪ್ರದರ್ಶನಕ್ಕೆ ಇಟ್ಟ ಸ್ವೆಟರಿನ ಮೇಲೆ ಹೆಸರಿದ್ದ ಮಾತ್ರಕ್ಕೆ ಯಾವ ವೀಸಾಕ್ಕೂ ಏನೂ ಆಗುವುದಿಲ್ಲ ಎಂದು ಬಹಳ ದಿನದ ಮೇಲೆ ಯಾರೋ ಹೇಳಿದರು. ಆಂಟಿಗೆ ಅದು ಆಗಲೇ ಗೊತ್ತಿತ್ತೋ ಇಲ್ಲವೋ... ಗೊತ್ತಿತ್ತು ಎಂದೇ ನನ್ನ ಮನಸ್ಸು ಹೇಳುತ್ತದೆ.

ಸ್ವೆಟರಿಗೆ ಮೊದಲ ಬಹುಮಾನ ಬಂತು. ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಆಂಟಿಯ ಫೋಟೋ, ಅದರ ಕೆಳಗೆ ಸಾಲುಸಾಲು ಚಪ್ಪಾಳೆ. ನಾನೂ ಒಂದು ಚಪ್ಪಾಳೆ ಒತ್ತಿದೆ. ರಾಜ್ಯೋತ್ಸವಕ್ಕೆ ಒಂದು ಶಾಲೆಯ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿ ಅವರಿಗೆ ಶಾಲು ಹೊದಿಸಿದರು. ನೀಲಿ ಸ್ವೆಟರನ್ನು ಹ್ಯಾಂಗರಿಗೆ ಹಾಕಿ ವೇದಿಕೆಯ ಮೇಲೆ ತೂಗಿಬಿಟ್ಟಿದ್ದರು. ಆಂಟಿ ಮೈಕ್ ಹಿಡಿದು, ರಂಗೋಲಿಯನ್ನು ಸ್ವೆಟರಿಗೆ ಇಳಿಸುವ ಯೋಚನೆ ತಮಗೆ ಹೇಗೆ ಹೊಳೆಯಿತು ಎಂದು ಹೇಳುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಮಗಳು ಎದ್ದು ನಿಂತಳು.

“ಅಮ್ಮಾ, ದಟ್ಸ್ ಯುವರ್ ಸ್ವೆಟರ್.”

ಮುಂದಿನ ಎರಡು ಸಾಲಿನವರು ತಿರುಗಿ ನೋಡಿದರು. ನಾನು ಅವಳನ್ನು ಎಳೆದು ಕೂರಿಸಿಕೊಂಡೆ. ಆಂಟಿ ನಮ್ಮ ಕಡೆಗೊಮ್ಮೆ ನೋಡಿ, ಮಾತು ಮುಂದುವರಿಸಿದರು. ಊಟದ ಸಾಲಿನಲ್ಲಿ ಹತ್ತಿರ ಬಂದು ಮಗಳ ಕೆನ್ನೆ ಹಿಂಡಿ, ನಿಮ್ಮಮ್ಮ ನಂಗೆ ಹೆಲ್ಪ್ ಮಾಡಿದ್ಲು ಪುಟ್ಟಿ ಅಂದರು.

ನನ್ನ ವರ್ಕ್ ಪರ್ಮಿಟ್ ಬಂದ ವಾರ ಅಂಗಡಿಗೆ ಹೋಗಿದ್ದೆ. ಇನ್ನು ಮೇಲೆ ನಾನು ಹೆಣೆದದ್ದಕ್ಕೆ ನನ್ನ ಹೆಸರು ಹಾಕಿಕೊಳ್ಳುತ್ತೇನೆ, ನೀಲಿಯದು ನಾನು ಮಾಡಿದ್ದೆಂದು ಗುಂಪಿನವರಿಗೆ ನೀವೇ ಒಂದು ಮಾತು ಹೇಳಿ ಎಂದು ಕೇಳಿದೆ. ಆಂಟಿ ಸುತ್ತುತ್ತಿದ್ದ ಉಣ್ಣೆಯನ್ನು ಕೆಳಗಿಟ್ಟರು. ಮುಗಿದದ್ದನ್ನು ಈಗ ಯಾಕೆ ಕೆದಕುತ್ತೀಯ, ನನ್ನ ಕೈಯಲ್ಲಿ ಇನ್ನೇನು ಉಳಿದಿದೆ ಅಂದರು. ಊದಿದ ಬೆರಳುಗಳನ್ನು ನನ್ನ ಮುಂದೆ ಹಿಡಿದರು. ನನಗೆ ಅಯ್ಯೋ ಅನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಎದ್ದು ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಅವರೂ ಫೋನ್ ಮಾಡಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಭಾನುವಾರ ಅವರ ಮಗಳು ಮನೆಗೆ ಬಂದಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ತಡವರಿಸುವ ಕನ್ನಡ. ಆಂಟಿಯ ಕಪಾಟು ಖಾಲಿ ಮಾಡುವಾಗ ಸಿಕ್ಕಿತೆಂದು ಕವರನ್ನು ನನ್ನ ಕೈಯಲ್ಲಿಟ್ಟಳು. ಅಮ್ಮ ಓನ್ ಹ್ಯಾಂಡ್ಸಲ್ಲಿ ಮಾಡಿದ್ದು, ಇದನ್ನ ಮಾತ್ರ ಯಾರಿಗೂ ಸೆಲ್ ಮಾಡ್ಲಿಲ್ಲ, ನಿಮಗೆ ಕೊಡಬೇಕು ಅಂತಿದ್ರು ಅಂದಳು. ಅವಳ ಕಣ್ಣು ತುಂಬಿತ್ತು. ತಾಯಿಯನ್ನು ಕಳೆದುಕೊಂಡವಳ ಮಾತನ್ನು ತಿದ್ದಲು ಮನಸ್ಸಾಗಲಿಲ್ಲ, ಥ್ಯಾಂಕ್ಸ್ ಅಂದೆ.

ಅವಳು ಹೋದ ಮೇಲೆ ಸ್ವೆಟರನ್ನು ಮೇಜಿನ ಮೇಲೆ ಹರಡಿದೆ. ಎಡಗಡೆಯ ಹಗ್ಗದ ಒಂದು ಸುರುಳಿ ತಪ್ಪು ದಿಕ್ಕಿಗೆ ತಿರುಗಿದೆ. ಮಗಳ ಕ್ಲಾಸಿನ ಲಿಂಕ್ ತೆರೆದುಕೊಳ್ಳಲಿಲ್ಲವೆಂದು ನಾನು ಹೆಣಿಗೆಯ ನಡುವೆ ಎದ್ದು ಹೋದ ದಿನದ್ದು ಅದು. ಆ ಅಕ್ಷರಗಳನ್ನು ತೆಗೆದುಬಿಡೋಣ ಎಂದು ಕತ್ತರಿ ತಂದೆ. ಆದರೆ ಇಂಥ ಸ್ವೆಟರನ್ನು ಹೆಣೆಯುವುದು ಕೆಳಗಿನಿಂದ, ಬಿಚ್ಚುವುದು ಮೇಲಿನಿಂದ. ಅವರ ಎರಡು ಅಕ್ಷರಗಳನ್ನು ಬಿಚ್ಚಬೇಕಾದರೆ ಮೊದಲು ನನ್ನ ರಂಗೋಲಿಯನ್ನೆಲ್ಲ ಬಿಚ್ಚಬೇಕು. ಕತ್ತರಿಯನ್ನು ಡ್ರಾಯರಿಗೆ ಹಾಕಿದೆ.

ಅಷ್ಟರಲ್ಲಿ ಮಗಳು ಬಂದು ಅದನ್ನು ತಲೆಯ ಮೇಲಿಂದ ತೊಟ್ಟುಕೊಂಡಳು. ಈಗ ನನ್ನ ಭುಜದವರೆಗೆ ಬಂದಿದ್ದಾಳೆ, ತೋಳು ಮಾತ್ರ ಚೂರು ಉದ್ದ. ವಾವ್, ಆಂಟಿದು ಅಲ್ವಾ ಅಂದಳು. ಅಂದು ಸಭೆಯಲ್ಲಿ ತಾನೇ ಎದ್ದು ನಿಂತದ್ದು ಅವಳಿಗೆ ಮರೆತೇಹೋಗಿದೆ. ಅಲ್ಲ, ನಾನು ಮಾಡಿದ್ದು ಅಂದೆ. ಆಂಟಿಯ ಹೊರತು ಬೇರೆಯವರಿಗೆ ಇಷ್ಟು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು. ಅವಳು ತಲೆ ಬಗ್ಗಿಸಿ, ಅಂಚನ್ನು ಎತ್ತಿ, ಅಕ್ಷರಗಳ ಮೇಲೆ ಬೆರಳಿಟ್ಟಳು.

“ಮತ್ತೆ ಆಂಟಿ ನೇಮ್ ಯಾಕಿದೆ?”

ಅದಕ್ಕೆ ಉತ್ತರ ಹೇಳಬೇಕಾದವರು ಈಗಿಲ್ಲ.