ಕಾಕಾರ ಖಾತೆಗೆ ಹಚ್ಚದ ಹೆಸರು

ಕಾಕಾರ ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣದೊಂದು ಗೀರು ಇತ್ತು. ಚಿಕ್ಕಂದಿನಿಂದ ಮಗ್ಗದ ಎಳೆಗಳನ್ನು ಹಲ್ಲಿನಿಂದಲೇ ಕಡಿದು ಕಡಿದು ಬಿದ್ದದ್ದು. ನಕ್ಕರೆ ಮೊದಲು ಅದೇ ಕಾಣುತ್ತಿತ್ತು. ಕಂಪ್ಯೂಟರಿನ ಮುಂದೆ ಯೋಚನೆಗೆ ಬಿದ್ದರೆ ಪೆನ್ನಿನ ಟೋಪಿಯನ್ನು ಆ ಗೀರಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದರು.

ನನಗೆ ಅವರು ರಕ್ತಸಂಬಂಧಿಯೇನಲ್ಲ. ಬನಹಟ್ಟಿಯಲ್ಲಿ ನಮ್ಮ ಎದುರು ಮನೆಯವರು. ಸೀರೆಯ ಅಂಚಿಗೆ ನಕಾಶೆ ಬರೆಯುತ್ತಿದ್ದರು. ಆ ಕೆಲಸ ಕಂಪ್ಯೂಟರಿಗೆ ಬಂದಾಗ ಕಂಪ್ಯೂಟರ್ ಕಲಿತರು, ಅಲ್ಲಿಂದ ಜಾಲತಾಣ ಕಟ್ಟುವುದಕ್ಕೆ ಇಳಿದರು. ಮಹಡಿಯ ಮೇಲೆ ಕಚೇರಿ, ಕೆಳಗೆ ಅವರ ಹೆಂಡತಿ, ನಮ್ಮ ಕಾಕು, ನೇಯುವ ಮಗ್ಗ. ಜಮಖಂಡಿಯಲ್ಲಿ ಬಿ.ಸಿ.ಎ. ಮುಗಿಸಿ ಬಂದ ನಾನು ಅಲ್ಲಿನ ಒಬ್ಬಳೇ ಕೆಲಸಗಾರ್ತಿ. ಓದಿದವಳೆಂಬ ಠೇಂಕಾರ ನನಗೆ ಬೇಕಾದಷ್ಟಿತ್ತು.

ಆಗ ನಮ್ಮ ಕೆಲಸವೆಲ್ಲ ಫೋಲ್ಡರುಗಳಲ್ಲಿ ಇರುತ್ತಿತ್ತು. 'ಫೈನಲ್', 'ಫೈನಲ್ ಎರಡು', 'ಖರೆ ಫೈನಲ್' ಎಂದು ಹೆಸರು. ಮುಧೋಳದಲ್ಲಿ ಬೇಟೆನಾಯಿ ಸಾಕುವವರೊಬ್ಬರ ಜಾಲತಾಣ ಮಾಡುತ್ತಿದ್ದಾಗ, ಕಾಕಾ ಒಂದು ವಾರ ಕೂತು ಮಾಡಿದ್ದರ ಮೇಲೆ ನಾನು ನನ್ನ ಹಳೆಯ ಪ್ರತಿಯನ್ನು ಹಾಕಿ ಎಲ್ಲ ಅಳಿಸಿಬಿಟ್ಟೆ. ಬೈಯುತ್ತಾರೆಂದು ಕಾದೆ. ಅವರು ನನ್ನನ್ನು ಕೆಳಗೆ ಮಗ್ಗದ ಹತ್ತಿರ ಕರೆದುಕೊಂಡು ಹೋದರು. ಕಾಕು ಹೊಸ ಹಾಸಿನ ಒಂದೊಂದೇ ಉದ್ದೆಳೆಯನ್ನು ಹಳೆಯ ಹಾಸಿನ ತುದಿಗೆ ಹೊಸೆದು ಸೇರಿಸುತ್ತಿದ್ದರು.

"ಇದಕ್ಕ ಕೆಚ್ಚೂದು ಅಂತಾರ. ಹಳೀ ತುದಿ ಮಗ್ಗದಾಗ ಇದ್ರಷ್ಟ ಹೊಸಾದು ಕೆಚ್ಚಾಕ ಬರತೈತಿ. ಅದನ್ನ ಕಿತ್ತ ಒಗದ್ರ ಸಾವಿರಾರು ಎಳಿ ಮತ್ತ ಮೊದಲಿಂದ ಪೋಣಿಸಬೇಕು. ನೀ ಇವತ್ತ ಕಿತ್ತ ಒಗದೀಯವ್ವಾ," ಎಂದರು ಕಾಕಾ.

ಮಾಡಿದ ಪ್ರತಿ ಬದಲಾವಣೆಯನ್ನೂ ಹಳೆಯದರ ಸಮೇತ ಉಳಿಸಿಕೊಡುವ ವ್ಯವಸ್ಥೆ ಇದೆ, ಅದನ್ನು ಅಂತರ್ಜಾಲದಲ್ಲಿ ಇಟ್ಟುಕೊಂಡು ನಡೆಸುವ ಕಂಪನಿಗಳೂ ಇವೆ ಎಂದು ಹೇಳಿದವಳು ನಾನೇ. ಮೂರು ಕಂಪನಿಗಳನ್ನು ಹುಡುಕಿ ತಂದೆ. ಯಾವುದು ಬೇಗ ತೆರೆಯುತ್ತದೆ, ಯಾವುದರಲ್ಲಿ ಬರೆದ ಸಾಲಿನ ಪಕ್ಕದಲ್ಲೇ ಟಿಪ್ಪಣಿ ಹಾಕಿ ಮಾತಾಡಬಹುದು ಎಂದೆಲ್ಲ ಒಪ್ಪಿಸಿದೆ. ಕಾಕಾ ಪೆನ್ನಿನ ಟೋಪಿ ಕಚ್ಚಿಕೊಂಡೇ ಕೇಳಿದರು. ಕೊನೆಗೆ ಅವರದು ಒಂದೇ ಪ್ರಶ್ನೆ.

"ನಾಳೆ ನಾವು ಬಿಟ್ಟ ಹೊಂಟ್ರ ಏನೇನು ಕೊಟ್ಟ ಕಳಸ್ತಾರ? ಯಾರ ಕೈಯಾಗ ಕೊಡ್ತಾರ?"

"ಮದುವಿಗಿ ಮದಲ ಸೋಡಚೀಟಿ ಕೇಳಿದಂಗಾತಲ್ರಿ ಕಾಕಾ!" ಎಂದೆ, ವಿಚ್ಛೇದನದ ಪತ್ರ ನೆನೆದು. ಗೀರು ಕಾಣುವಂತೆ ನಕ್ಕರು. ಆದರೂ ಬಿಡಲಿಲ್ಲ, ಕಂಪನಿಗಳ ಕರಾರು ಓದಿ ಹೇಳು ಎಂದರು. ಓದಿದೆ. ನಾನು ಮೆಚ್ಚಿದ ಕಂಪನಿ ಎಲ್ಲವನ್ನೂ ಕೊಡುತ್ತಿತ್ತು, ಪಕ್ಕದ ಮಾತುಗಳನ್ನೂ ಸೇರಿಸಿ. ಆದರೆ ಖಾತೆಯ ಮಾಲಕರ ಕೈಗೆ ಮಾತ್ರ.

"ಹಂಗಾರ ನಿನ್ನ ಹೆಸರೂ ಹಚ್ಚು," ಎಂದರು.

ಹಚ್ಚಲಿಲ್ಲ. ಹಿರಿಯರು ಕೂತಿರುವಾಗ ಅವರ ಸರಿಸಮಕ್ಕೆ ಮಾಲಕಿಯೆಂದು ನನ್ನ ಹೆಸರು ಬರೆದುಕೊಳ್ಳುವುದು ಯಾವ ಮರ್ಯಾದೆ? ನಮ್ಮ ಮನೆಯಲ್ಲಿ ಕರೆಂಟಿನ ಮೀಟರೂ ಅಜ್ಜನ ಹೆಸರಿನಲ್ಲಿತ್ತು. "ನೀವಿರೂವಾಗ ನನಗ್ಯಾಕ್ರಿ," ಎಂದೆ. ಕಾಕಾರ ಹೆಸರಿನಲ್ಲಿ, ಕಾಕಾರ ಫೋನಿಗೆ ಕಟ್ಟಿ ಒಂದೇ ಖಾತೆ ತೆರೆದು ಇಬ್ಬರೂ ಅದರಲ್ಲೇ ದುಡಿದೆವು. ಯಾವ ಮಾತು ಯಾರದೆಂದು ತಿಳಿಯಲೆಂದು ಅವರು ತಮ್ಮ ಮಾತಿನ ಕೊನೆಗೆ 'ಕಾ' ಎಂದು ಬರೆಯುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅವರ ಗಂಟಲಲ್ಲಿ ಗಡ್ಡೆ ಎದ್ದಿತು. ಕೊಯ್ದರು, ಧ್ವನಿ ಹೋಯಿತು. ಅಲ್ಲಿಂದ ಮುಂದೆ ಅವರು ನನ್ನೊಡನೆ ಮಾತಾಡಿದ್ದೆಲ್ಲ ಆ ಖಾತೆಯಲ್ಲೇ. ಒಂದೇ ಕೋಣೆ, ನಡುವೆ ಒಂದು ಮೇಜು. ನಾನು ಬರೆದ ಸಾಲಿನ ಪಕ್ಕದಲ್ಲಿ ಅವರ ಮಾತು ಮೂಡುತ್ತಿತ್ತು. "ಈ ಸಾಲು ಮೂರು ತಿಂಗಳ ಬಿಟ್ಟ ಓದಿದ್ರ ನಿನಗರ ತಿಳೀತೈತೇನು? ಕಾ." "ಹಸಿದ ಹೊಟ್ಟೀಲೆ ಬರದದ್ದು ಇದು. ಉಂಡ ಬಾ. ಕಾ." ಕಲಿಸಿದ್ದು, ರೇಗಿಸಿದ್ದು, ನೋವು ತಡೆಯಲಾಗದ ದಿನ ಹೇಳಿಕೊಂಡದ್ದು, ಎಲ್ಲ ಅಲ್ಲಿತ್ತು. ಬಾಯಿಂದ ಆಡುತ್ತಿದ್ದ ದಿನಗಳಿಗಿಂತ ಹೆಚ್ಚು ಆಡಿದರು.

ಗಡ್ಡೆ ಮತ್ತೆ ಬಂತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮುಖದಲ್ಲಿ ಹಲ್ಲು ಬಿಟ್ಟರೆ ಏನೂ ಉಳಿದಿರಲಿಲ್ಲ. ಔಷಧದ ಚೀಟಿಯ ಹಿಂದೆ ಬರೆದು ತೋರಿಸಿದರು: 'ನಾ ಹೊಂಟೆ. ಖಾತೆಗೆ ನಿನ್ನ ಹೆಸರು ಹಚ್ಚು.' ದಿಂಬಿನ ಕೆಳಗಿನಿಂದ ಫೋನು ತೆಗೆದು ನನ್ನ ಕಡೆ ಚಾಚಿದರು. ಎರಡು ನಿಮಿಷದ ಕೆಲಸ. ನನಗೆ ಸಿಟ್ಟು ಬಂತು, ಅಳು ಬಂತು. ಫೋನು ತಿರುಗಿ ಅವರ ಕೈಗೇ ಒತ್ತಿದೆ.

"ಎಂಥಾ ಮಾತ ಬರೀತೀರಿ ಕಾಕಾ! ಬಿಡ್ತು ಅನ್ರಿ. ಮದಲ ಬಿಡ್ತು ಅನ್ರಿ!"

ನಮ್ಮಲ್ಲಿ ಕೆಟ್ಟ ಮಾತು ಬಾಯಿಗೆ ಬಂದರೆ ಹಾಗೆ ಅನ್ನಿಸುತ್ತಾರೆ, ಆಡಿದ ಮಾತು ತಾಕದಿರಲಿ ಎಂದು. ಅವರಿಗೆ ಅನ್ನಲು ಬಾಯಿಯಿರಲಿಲ್ಲ. ಬರೆದದ್ದರ ಮೇಲೆ ಗೆರೆ ಎಳೆದು, ಕೆಳಗೆ ಏನೋ ಬರೆದು, ಚೀಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಮೂರನೆಯ ದಿನ ಹೋದರು.

ದಿನಕರ್ಮಗಳು ಮುಗಿದ ಮೇಲೆ ಕಚೇರಿ ತೆರೆದೆ. ಬಹಳ ದಿನ ತೆರೆಯದ ಖಾತೆ ನನ್ನನ್ನು ಹೊರಗೆ ಹಾಕಿತ್ತು. ಒಳಗೆ ಹೋಗಲು ಕಾಕಾರ ಫೋನಿನೊಳಗಿನ ಆ್ಯಪಿನಲ್ಲಷ್ಟೇ ಮೂಡುವ ಆರು ಅಂಕಿ ಕೇಳುತ್ತಿತ್ತು. ಕೆಳಗೆ ಓಡಿದೆ.

"ಬಡಕೋತಿತ್ತವ್ವಾ ಆ ಫೋನು," ಎಂದರು ಕಾಕು. "ಎತ್ತಿದ್ರ 'ಅವರದಾರೇನ್ರಿ' ಅಂತಾರ. ಎಷ್ಟ ಮಂದಿಗಿ ಇಲ್ಲ ಅನ್ನಲಿ? ಅಂಗಡ್ಯಾಗ ಕೊಟ್ಟ ಎಲ್ಲಾ ಅಳಿಸಿ ತಂದೆ."

ಕಂಪನಿಗೆ ಮೇಲಿಂದ ಮೇಲೆ ಬರೆದೆ. ಅವರು ಬಹಳ ವಿನಯದಿಂದಲೇ ಉತ್ತರಿಸಿದರು: ಮಾಲಕರು ಬರೆಯಲಿ, ಇಲ್ಲವೇ ಮಾಲಕರಲ್ಲಿ ನೀವೂ ಒಬ್ಬರೆಂದು ತೋರಿಸಿ. ಅವರದೇನು ತಪ್ಪು? ಕಾಕಾ ಮೊದಲ ದಿನವೇ ಕೇಳಿದ್ದ ಪ್ರಶ್ನೆಗೆ ಉತ್ತರ ಅದೇ ಆಗಿತ್ತು, ಓದಿ ಹೇಳಿದವಳೂ ನಾನೇ.

ಕೆಲಸವೇನೂ ಹಾಳಾಗಲಿಲ್ಲ. ಅದರ ಪೂರ್ತಿ ಪ್ರತಿ, ಮೊದಲ ದಿನದಿಂದ ಹಿಡಿದು, ನನ್ನ ಕಂಪ್ಯೂಟರಿನಲ್ಲೇ ಇದೆ. ಕಾಕಾ ಒಂದೊಂದು ಬದಲಾವಣೆಗೆ ಇಟ್ಟ ಹೆಸರೂ ಇದೆ: 'ಕೆಚ್ಚಿದೆ', 'ಕೆಚ್ಚಿದೆ', 'ಮತ್ತೆ ಕೆಚ್ಚಿದೆ'. ಹೋದದ್ದು ಪಕ್ಕದ ಮಾತುಗಳು. ಅವು ಆ ಖಾತೆ ಬಿಟ್ಟು ಬೇರೆಲ್ಲೂ ಇರಲಿಲ್ಲ. ಈಗ ಯಾವ ಕೆಲಸ ಹಿಡಿದರೂ ಮೊದಲು ಎರಡು ಹೆಸರು ಹಚ್ಚುತ್ತೇನೆ. ಕಾಕಾರ ಋಣ ತೀರಿಸುವ ದಾರಿ ನನಗೆ ಬೇರೆ ತಿಳಿಯದು.

ಆ ಚೀಟಿಯನ್ನು ಬಿಚ್ಚಿ ನೋಡಿದ್ದು ಅವರು ಹೋದ ಎಷ್ಟೋ ದಿನಗಳ ಮೇಲೆ. ಗೆರೆ ಎಳೆದಿದ್ದರೂ ನನ್ನ ಹೆಸರು ಹಚ್ಚಲು ಹೇಳಿದ್ದು ಇನ್ನೂ ಓದಲು ಬರುತ್ತದೆ. ಅದರ ಕೆಳಗೆ, ನಾನು ಹಟ ಮಾಡಿ ಅನ್ನಿಸಿದ್ದಕ್ಕೆ, ಒಂದೇ ಪದ ಬರೆದಿದ್ದಾರೆ.

ಬಿಡ್ತು. ಕಾ.